ವಿಶ್ವಕಪ್ ಹೊಸ್ತಿಲಲ್ಲಿ ಗಾಯ: ನಿಮ್ಮ ಪ್ರಶ್ನೆ, ಫಿಸಿಯೋ ಉತ್ತರ

ಜೂನ್ 11ಕ್ಕೆ ವಿಶ್ವಕಪ್ ಫುಟ್‌ಬಾಲ್ ಶುರು. ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ನಡೆಸುತ್ತಿರುವ ಟೂರ್ನಿ. 48 ತಂಡ, 104 ಪಂದ್ಯ. ಈ ತಿಂಗಳ ಪತ್ರಗಳಲ್ಲಿ ಬೆನ್ನುನೋವು, ಕತ್ತುನೋವಿಗಿಂತ ಆಟಗಾರರ ಗಾಯದ ಬಗ್ಗೆಯೇ ಪ್ರಶ್ನೆ ಜಾಸ್ತಿ. ನನಗೆ ತುಂಬಾ ಖುಷಿಯಾಯಿತು. ಬೆಂಗಳೂರಿನ ಆಸ್ಟಿನ್ ಟೌನ್ ಹತ್ತಿರ ಕ್ಲಿನಿಕ್ ಇಟ್ಟುಕೊಂಡಿರುವ ಫಿಸಿಯೋ ನಾನು. ಫುಟ್‌ಬಾಲ್ ಆಡುವವರ ಮೊಣಕಾಲು, ತೊಡೆ, ಪಾದ ನೋಡುತ್ತಲೇ ಕೂದಲು ಬೆಳ್ಳಗಾಗಿದೆ.

ಈ ಸಲ ಯಾರು ಆಡುತ್ತಾರೆ, ಯಾರು ಹೊರಗೆ ಎಂಬ ಪಟ್ಟಿ ದಿನಾ ಬದಲಾಗುತ್ತಿದೆ. ಈ ಸಂಚಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ಹಾಗಾಗಿ ಹಿಂದಿನ ಟೂರ್ನಿಗಳ ಗಾಯಗಳನ್ನೇ ಇಟ್ಟುಕೊಂಡು ಉತ್ತರಿಸಿದ್ದೇನೆ. ಅವುಗಳ ಕೊನೆ ಏನಾಯಿತು ಅಂತ ನಮಗೆ ಗೊತ್ತಿದೆ.

2022ರ ಕತಾರ್ ವಿಶ್ವಕಪ್‌ನಲ್ಲಿ ಸೆನೆಗಲ್‌ನ ಸಾಡಿಯೊ ಮಾನೆಗೆ ಗಾಯವಾಗಿದೆ ಅಂತ ಗೊತ್ತಿದ್ದೂ ತಂಡಕ್ಕೆ ಸೇರಿಸಿಕೊಂಡರು. ಆರು ದಿನ ಬಿಟ್ಟು ಕೈಬಿಟ್ಟರು. ಮೊದಲೇ ಸರಿಯಾಗಿ ನೋಡಬಾರದಿತ್ತಾ? ಜನರಿಗೆ ಸುಮ್ನೆ ಆಸೆ ತೋರಿಸಿದ್ದು ಯಾಕೆ?
ನಿವೃತ್ತ ಉಪನ್ಯಾಸಕರು, ಧಾರವಾಡ

ಸರ್, ನಿಮ್ಮ ಬೇಸರ ಅರ್ಥವಾಗುತ್ತದೆ. ಅದೇ ವರ್ಷ ಫೆಬ್ರುವರಿಯಲ್ಲಿ ಸೆನೆಗಲ್ ಮೊದಲ ಸಲ ಆಫ್ರಿಕಾ ಕಪ್ ಗೆದ್ದಿತ್ತು. ಗೆಲುವಿನ ಪೆನಾಲ್ಟಿ ಹೊಡೆದವರು ಮಾನೆಯೇ. ಇಡೀ ದೇಶ ಅವರ ಕಾಲನ್ನೇ ನಂಬಿಕೊಂಡಿತ್ತು.

ಆದರೆ ಅವರ ವೈದ್ಯರು ಜನರಿಗೆ ಮೋಸ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ದಿನಗಳನ್ನು ಸ್ವಲ್ಪ ಜೋಡಿಸಿ ನೋಡಿ. ನವೆಂಬರ್ 8ರಂದು ಜರ್ಮನಿಯ ಬಾಯರ್ನ್ ಮ್ಯೂನಿಕ್ ಕ್ಲಬ್ ಪರ ವೆರ್ಡರ್ ಬ್ರೆಮೆನ್ ವಿರುದ್ಧ ಆಡುವಾಗ ಗಾಯ. 11ಕ್ಕೆ ತಂಡದ ಪಟ್ಟಿಯಲ್ಲಿ ಹೆಸರು. 17ಕ್ಕೆ ಮತ್ತೊಂದು ಎಂಆರ್‌ಐ ಸ್ಕ್ಯಾನ್, ಅಂದುಕೊಂಡಷ್ಟು ಗುಣವಾಗಿಲ್ಲ ಎಂಬ ಪ್ರಕಟಣೆ, ಅದೇ ಸಂಜೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಆಪರೇಷನ್. ಸೆನೆಗಲ್‌ನ ಮೊದಲ ಪಂದ್ಯ ಇದ್ದದ್ದು 21ಕ್ಕೆ.

ನಿಮ್ಮ ಬಲ ಮೊಣಕಾಲಿನ ಹೊರಬದಿಗೆ ಕೈ ಹಾಕಿ. ಕೀಲಿಗಿಂತ ಸ್ವಲ್ಪ ಕೆಳಗೆ ಗೋಲಿಯಂಥ ಒಂದು ಮೂಳೆಯ ತುದಿ ಸಿಗುತ್ತದೆ, ಅಲ್ವಾ? ಅದು ಫಿಬ್ಯುಲಾ ಎಂಬ ಸಣ್ಣ ಮೂಳೆಯ ತಲೆ. ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆದರೆ, ಆ ಗಂಟಿನ ಮೇಲ್ಭಾಗದಲ್ಲಿ ಗಟ್ಟಿಯಾದ ಪಟ್ಟಿಯೊಂದು ಎದ್ದು ನಿಲ್ಲುತ್ತದೆ. ಅದೇ ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಭಾಗ. ಮಾನೆಗೆ ಪೆಟ್ಟಾದದ್ದು ಈ ಮೂಳೆಯ ತಲೆಯ ಹತ್ತಿರ. ಬಿಟ್ಟುಕೊಂಡ ಟೆಂಡನ್ನನ್ನು ಅಲ್ಲಿಗೇ ಮತ್ತೆ ಕೂಡಿಸಿದರು.

ಇಂಥ ಕಡೆ ಗಾಯವಾದಾಗ ಮೊದಲ ಎರಡು ಮೂರು ದಿನ ಒಳಗೆಲ್ಲ ರಕ್ತ, ಊತ. ಸ್ಕ್ಯಾನಿನಲ್ಲಿ ಎಲ್ಲವೂ ಒಂದೇ ಬಿಳಿಯಾಗಿ ಕಾಣುತ್ತದೆ. ಇದು ಬರೀ ಪೆಟ್ಟೋ, ಅರೆ ಹರಿದಿದೆಯೋ, ಪೂರ್ತಿ ಬಿಟ್ಟಿದೆಯೋ ಎಂದು ಹೇಳಲು ಕೆಲವು ಸಲ ಒಂದು ವಾರ ಕಾಯಬೇಕು. ಆ ವಾರ ಅವರಿಗೆ ಇತ್ತು. ಯಾಕೆಂದರೆ ಕತಾರ್‌ನಲ್ಲಿ ನಿಯಮ ಹೀಗಿತ್ತು: 26 ಜನರ ಪಟ್ಟಿ ಕೊಟ್ಟ ಮೇಲೂ, ಗಂಭೀರ ಗಾಯವಾಗಿದ್ದರೆ ತಂಡದ ಮೊದಲ ಪಂದ್ಯಕ್ಕೆ 24 ಗಂಟೆ ಮುಂಚಿನವರೆಗೂ ಆಟಗಾರನನ್ನು ಬದಲಿಸಬಹುದು. ವೈದ್ಯಕೀಯ ದಾಖಲೆ ಕೊಡಬೇಕು, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಒಪ್ಪಬೇಕು, ಅಷ್ಟೇ. ಗೋಲ್‌ಕೀಪರ್ ಆದರೆ ಟೂರ್ನಿ ನಡುವೆಯೂ ಬದಲಿಸಬಹುದು. ಬಾಗಿಲು ತೆರೆದೇ ಇರುವಾಗ ಮಾನೆಯಂಥ ಆಟಗಾರನನ್ನು ಮೊದಲ ದಿನವೇ ಹೊರಗೆ ಹಾಕುವವರು ಯಾರು?

ನನಗೆ ಸಿಟ್ಟು ಬರುವುದು ವೇಳಾಪಟ್ಟಿ ಮಾಡಿದವರ ಮೇಲೆ. ಆ ವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನಿಂತದ್ದು ನವೆಂಬರ್ 13ಕ್ಕೆ. ವಿಶ್ವಕಪ್ ಶುರುವಾದದ್ದು 20ಕ್ಕೆ. ಮಾಮೂಲಿಯಾಗಿ ಮೂರು ನಾಲ್ಕು ವಾರ ಸಿಗುವ ಜಾಗದಲ್ಲಿ ಒಂದೇ ವಾರ. ಸಣ್ಣ ಸ್ನಾಯು ಸೆಳೆತ ಕೂಡ ವಾಸಿಯಾಗಲು ಅಷ್ಟು ದಿನ ಸಾಲುವುದಿಲ್ಲ. ಈ ಸಲವೂ ಯೂರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಇರುವುದು ಮೇ 30ಕ್ಕೆ, ಬುಡಾಪೆಸ್ಟ್‌ನಲ್ಲಿ. ಅಲ್ಲಿಂದ ವಿಶ್ವಕಪ್‌ಗೆ 12 ದಿನ.

ಹ್ಯಾಮ್‌ಸ್ಟ್ರಿಂಗ್ ಒಮ್ಮೆ ಹಿಡಿದುಕೊಂಡರೆ ಮತ್ತೆ ಮತ್ತೆ ಹಿಡಿದುಕೊಳ್ಳುತ್ತದಲ್ಲ, ಯಾಕೆ? ಫ್ರಾನ್ಸಿನ ಕಾಂಟೆ ಎರಡು ತಿಂಗಳು ವಿಶ್ರಾಂತಿ ತೆಗೆದುಕೊಂಡರೂ ವಿಶ್ವಕಪ್ ಆಡಲಾಗಲಿಲ್ಲ. ನಮ್ಮ ಶಾಲೆಯ ಹುಡುಗರಲ್ಲೂ ಇದನ್ನೇ ನೋಡುತ್ತಿದ್ದೇನೆ.
ದೈಹಿಕ ಶಿಕ್ಷಣ ಶಿಕ್ಷಕರು, ದಾವಣಗೆರೆ

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ತೊಡೆಯ ಹಿಂದೆ ಮೂರು ಸ್ನಾಯುಗಳಿವೆ, ಅವೇ ಹ್ಯಾಮ್‌ಸ್ಟ್ರಿಂಗ್. ಕೂರುವಾಗ ನೆಲಕ್ಕೆ ತಾಗುವ ಮೂಳೆಯಿಂದ ಶುರುವಾಗಿ ಮೊಣಕಾಲು ದಾಟಿ ಕೆಳಗೆ ಅಂಟಿಕೊಳ್ಳುತ್ತವೆ. ಹುಡುಗ ಪೂರ್ತಿ ವೇಗದಲ್ಲಿ ಓಡುವಾಗ ಕಾಲು ಮುಂದಕ್ಕೆ ಬೀಸಿ ಹೋಗುತ್ತದೆ. ಪಾದ ನೆಲ ಮುಟ್ಟುವ ಮುಂಚಿನ ಕ್ಷಣದಲ್ಲಿ ಆ ಕಾಲಿಗೆ ಬ್ರೇಕ್ ಹಾಕುವುದು ಈ ಸ್ನಾಯುಗಳೇ. ಅಂದರೆ ಉದ್ದಕ್ಕೆ ಎಳೆದುಕೊಳ್ಳುತ್ತಲೇ ಬಿಗಿ ಹಿಡಿಯಬೇಕು. ಹರಿಯುವುದು ಆಗಲೇ. ಅದಕ್ಕೇ ನಿಧಾನವಾಗಿ ಓಡುವಾಗ ಏನೂ ಆಗುವುದಿಲ್ಲ. ಚೆಂಡಿನ ಹಿಂದೆ ಜೀವ ಬಿಟ್ಟು ಓಡಿದಾಗ ತೊಡೆಯ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಯಿತು ಅಂತ ಹುಡುಗರು ತಿರುಗಿ ನೋಡುತ್ತಾರೆ.

ವಾಸಿಯಾಗುವುದು ಅಂದರೆ ಹರಿದ ಜಾಗದಲ್ಲಿ ಕಲೆ ಕಟ್ಟುವುದು. ತೇಪೆ ಹಾಕಿದ ಬಟ್ಟೆ ತೇಪೆಯ ಅಂಚಿನಲ್ಲೇ ಮತ್ತೆ ಹರಿಯುವುದನ್ನು ನೀವು ನೋಡಿರುತ್ತೀರಿ. ಇಲ್ಲೂ ಹಾಗೆಯೇ. ನೋವು ಹೋದದ್ದು ವಾಸಿಯಾದುದರ ಗುರುತಲ್ಲ. ಎರಡು ವಾರಕ್ಕೆ ನೋವು ಹೋಗಬಹುದು, ಬಲ ಬಂದಿರುವುದಿಲ್ಲ. ಮತ್ತೆ ಆಗುವ ಗಾಯಗಳಲ್ಲಿ ಹೆಚ್ಚಿನವು ಮೈದಾನಕ್ಕೆ ಮರಳಿದ ಮೊದಲ ಎರಡು ತಿಂಗಳೊಳಗೇ ಆಗುತ್ತವೆ.

ಎನ್‌ಗೊಲೊ ಕಾಂಟೆಗೆ ಆದದ್ದೂ ಇದೇ. 2022ರ ಆಗಸ್ಟ್ 14ರಂದು ಟಾಟನ್‌ಹ್ಯಾಮ್ ವಿರುದ್ಧ ಚೆಲ್ಸಿ ಪರ ಆಡುವಾಗ ಹಿಡಿದುಕೊಂಡಿತು. ಅಕ್ಟೋಬರ್‌ನಲ್ಲಿ ಅಭ್ಯಾಸಕ್ಕೆ ಮರಳಿದಾಗ ಮತ್ತೆ ಅದೇ. ಆಪರೇಷನ್ ಆಯಿತು, ನಾಲ್ಕು ತಿಂಗಳು ಆಟ ಇಲ್ಲ ಅಂದರು. 2018ರಲ್ಲಿ ಕಪ್ ಗೆದ್ದ ಫ್ರಾನ್ಸ್ ತಂಡದ ಬೆನ್ನೆಲುಬು ಆ ಮನುಷ್ಯ. ಅರ್ಜೆಂಟೀನಾದ ಜೊವಾನಿ ಲೊ ಸೆಲ್ಸೊಗೂ ಅಕ್ಟೋಬರ್ ಕೊನೆಯಲ್ಲಿ ಹ್ಯಾಮ್‌ಸ್ಟ್ರಿಂಗೇ ಹೋಯಿತು. ಅರ್ಜೆಂಟೀನಾ ಕಪ್ ಗೆದ್ದಾಗ ಆಟಗಾರನಾಗಿ ಆ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಯೂರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ವರ್ಷಾನುಗಟ್ಟಲೆ ಲೆಕ್ಕ ಇಟ್ಟಿದೆ. 2001-02ರಲ್ಲಿ ನೂರು ಗಾಯಕ್ಕೆ 12 ಹ್ಯಾಮ್‌ಸ್ಟ್ರಿಂಗ್‌ನವು. 2021-22ರ ಹೊತ್ತಿಗೆ 24. ಆಟ ವೇಗವಾಗಿದೆ, ಪಂದ್ಯ ಜಾಸ್ತಿಯಾಗಿವೆ, ವಿಶ್ರಾಂತಿ ಕಡಿಮೆಯಾಗಿದೆ.

ನನ್ನ ಟೇಬಲ್ ಮೇಲೆ ನಾನು ನೋಡುವುದು ಹೀಗೆ. ಹುಡುಗನನ್ನು ಬೋರಲು ಮಲಗಿಸುತ್ತೇನೆ. ಮೊಣಕಾಲು ಸ್ವಲ್ಪ ಮಡಿಸಿ, ಹಿಮ್ಮಡಿ ಹಿಡಿದು, "ನನ್ನ ಕೈಯನ್ನು ನಿನ್ನ ಕಡೆ ಎಳಿ" ಅನ್ನುತ್ತೇನೆ. ಮೊದಲು ಚೆನ್ನಾಗಿರುವ ಕಾಲು, ಆಮೇಲೆ ಗಾಯದ ಕಾಲು. ಬಾಯಲ್ಲಿ ಎಲ್ಲರೂ "ನೋವಿಲ್ಲ ಮೇಡಂ" ಅಂತಲೇ ಹೇಳುತ್ತಾರೆ. ನಾನು ಅವರ ಕೈ ನೋಡುತ್ತೇನೆ. ಎರಡನೇ ಕಾಲಿನ ಸರದಿ ಬಂದಾಗ ಬೆರಳುಗಳು ಟೇಬಲ್ಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರೆ, ಸೊಂಟ ಒಂದು ಚೂರು ಮೇಲೆದ್ದರೆ, ಆ ಹುಡುಗ ಇನ್ನೂ ಓಡಲು ತಯಾರಿಲ್ಲ. ಯಾವ ಪಂದ್ಯವಿದ್ದರೂ ಸರಿ, ನಾನು ಬಿಡುವುದಿಲ್ಲ.

ನಿಮ್ಮ ಶಾಲೆಯಲ್ಲಿ ಒಂದು ಕಾಸು ಖರ್ಚಿಲ್ಲದೆ ಮಾಡಬಹುದಾದ್ದು ನಾರ್ಡಿಕ್ ವ್ಯಾಯಾಮ. ಹುಡುಗ ಮಂಡಿಯೂರಿ ನೆಟ್ಟಗೆ ನಿಲ್ಲಲಿ. ಮಂಡಿ ಕೆಳಗೆ ಒಂದು ಮಡಚಿದ ಟವೆಲ್. ಗೆಳೆಯ ಹಿಂದಿನಿಂದ ಕಾಲಿನ ಗಂಟುಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ. ಈಗ ಸೊಂಟ ಬಗ್ಗಿಸದೆ, ಎಷ್ಟು ನಿಧಾನ ಆಗುತ್ತೋ ಅಷ್ಟು ನಿಧಾನವಾಗಿ ಮುಂದಕ್ಕೆ ವಾಲಬೇಕು. ತಡೆಯಲು ಆಗದಾಗ ಕೈ ಊರಿ ಬೀಳಬೇಕು. ಮೊದಲ ವಾರ ಐದೈದು ಸಲ, ವಾರಕ್ಕೆ ಎರಡು ದಿನ ಸಾಕು. ಮಾರನೇ ದಿನ ತೊಡೆ ಹಿಡಿದುಕೊಂಡಂತಾಗುತ್ತದೆ, ಹೆದರಬೇಡಿ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದನ್ನು ಸಂಶೋಧನೆಗಳು ತೋರಿಸಿವೆ. ಎಣ್ಣೆ ಹಾಕಿ ಜೋರಾಗಿ ನೀವಿಸುವುದನ್ನು ಮಾತ್ರ, ಗಾಯವಾದ ಮೊದಲ ದಿನಗಳಲ್ಲಿ, ದಯವಿಟ್ಟು ನಿಲ್ಲಿಸಿ. ಒಳಗೆ ರಕ್ತ ಇನ್ನೂ ಜಾಸ್ತಿ ಸೋರುತ್ತದೆ.

ಫ್ರಾನ್ಸಿನ ಪೋಗ್ಬಾ ಮೊದಲೇ ಆಪರೇಷನ್ ಮಾಡಿಸಿಕೊಂಡಿದ್ದರೆ ಕತಾರ್‌ಗೆ ಬರುತ್ತಿದ್ದರಾ? ಸುವಾರೆಜ್ ಒಂದೇ ತಿಂಗಳಲ್ಲಿ ಬಂದಿದ್ದರಲ್ಲ.
ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ಇಬ್ಬರದೂ ಮೊಣಕಾಲಿನ ಮೆನಿಸ್ಕಸ್. ತೊಡೆಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ಇರುವ ಅರ್ಧಚಂದ್ರದ ಆಕಾರದ ಮೆತ್ತೆ ಅದು. ಹರಿದರೆ ದಾರಿ ಮೂರು. ಬರೀ ವ್ಯಾಯಾಮ, ಚಿಕಿತ್ಸೆಯಲ್ಲೇ ಕಾಯುವುದು. ಹರಿದ ಚೂರನ್ನು ಕತ್ತರಿಸಿ ತೆಗೆಯುವುದು. ಇಲ್ಲ, ಹೊಲಿಯುವುದು. ಕತ್ತರಿಸಿದರೆ ನಾಲ್ಕರಿಂದ ಆರು ವಾರದಲ್ಲಿ ಆಡಬಹುದು, ಆದರೆ ಮೆತ್ತೆ ಕಳೆದುಕೊಂಡ ಮೊಣಕಾಲು ಮುಂದೆ ಬೇಗ ಸವೆಯುತ್ತದೆ. ಹೊಲಿದರೆ ಕಾಲು ಉಳಿಯುತ್ತದೆ, ಆದರೆ ನಾಲ್ಕು ಐದು ತಿಂಗಳು ಹೋಗುತ್ತದೆ.

ಲೂಯಿಸ್ ಸುವಾರೆಜ್‌ಗೆ ಆಪರೇಷನ್ ಆದದ್ದು 2014ರ ಮೇ 22ಕ್ಕೆ. ಜೂನ್ 19ರಂದು ಇಂಗ್ಲೆಂಡ್ ವಿರುದ್ಧ ಆಡಿ ಉರುಗ್ವೆಯ ಎರಡೂ ಗೋಲು ಹೊಡೆದರು. ಗೋಲು ಹೊಡೆದವರೇ ಸೀದಾ ಓಡಿದ್ದು ಬದಿಯಲ್ಲಿ ನಿಂತಿದ್ದ ಫಿಸಿಯೋ ವಾಲ್ಟರ್ ಫೆರೇರಾ ಹತ್ತಿರ. ಫೆರೇರಾ ಆಗ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರು. ತಮ್ಮ ಕಾಯಿಲೆ ಇಟ್ಟುಕೊಂಡೇ ಸುವಾರೆಜ್ ಕಾಲನ್ನು ಸಿದ್ಧ ಮಾಡಿದ್ದರು. ನಮ್ಮ ಕೆಲಸದವರಿಗೆ ಅಷ್ಟು ದೊಡ್ಡ ಮೈದಾನದಲ್ಲಿ ಯಾರೂ ಅಷ್ಟು ದೊಡ್ಡ ಗೌರವ ಕೊಟ್ಟದ್ದನ್ನು ನಾನು ಕಂಡಿಲ್ಲ. ಆ ದೃಶ್ಯ ಈಗ ನೋಡಿದರೂ ಕಣ್ಣು ತುಂಬಿ ಬರುತ್ತದೆ.

ಪಾಲ್ ಪೋಗ್ಬಾಗೆ ಗಾಯವಾದದ್ದು 2022ರ ಜುಲೈಯಲ್ಲಿ. ಆಪರೇಷನ್ ಬೇಡ, ವ್ಯಾಯಾಮದಲ್ಲೇ ನೋಡೋಣ ಅಂತ ನಿರ್ಧರಿಸಿದರು. ಸೆಪ್ಟೆಂಬರ್‌ನಲ್ಲಿ ಅಭ್ಯಾಸಕ್ಕೆ ಇಳಿದಾಗ ಮೊಣಕಾಲು ತಡೆಯಲಿಲ್ಲ, ಆಪರೇಷನ್ ಆಗಲೇಬೇಕಾಯಿತು. ಕತಾರ್ ಕೈತಪ್ಪಿತು. ಜುಲೈಯಲ್ಲೇ ಮಾಡಿಸಿದ್ದರೆ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಎಲ್ಲಿ ಹರಿದಿದೆ, ಎಷ್ಟು ಹರಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾನು ಆ ಸ್ಕ್ಯಾನ್ ನೋಡಿದವಳಲ್ಲ, ಅವರ ವೈದ್ಯರನ್ನು ದೂರುವುದು ನ್ಯಾಯವಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಚಿಕಿತ್ಸೆ ಆರಿಸುವಾಗ ಮೊಣಕಾಲು ಏನು ಕೇಳುತ್ತಿದೆ ಎಂಬುದು ಮೊದಲು ಬರಬೇಕು. ವಿಶ್ವಕಪ್ಪಿನ ತಾರೀಖು ಮೊದಲು ಬಂದರೆ ಲೆಕ್ಕವೇ ತಪ್ಪುತ್ತದೆ. ನಿಮ್ಮ ಕಾಲೇಜು ಟೂರ್ನಿಗೂ ಇದೇ ಮಾತು.

ಟೂರ್ನಿ ಇನ್ನೇನು ಶುರು ಅನ್ನುವಾಗ ಅಭ್ಯಾಸ ಪಂದ್ಯ ಆಡಿ ಕಾಲು ಮುರಿದುಕೊಳ್ಳುವುದು ಯಾಕೆ? ಸುಮ್ಮನೆ ವಿಶ್ರಾಂತಿ ಕೊಡಬಾರದಾ?
ಗೃಹಿಣಿ, ಮೈಸೂರು

ನನ್ನ ಹೊಟ್ಟೆಯೂ ಉರಿಯುತ್ತದೆ. 2002ರಲ್ಲಿ ಫ್ರಾನ್ಸಿನ ಜಿನೆದಿನ್ ಜಿದಾನ್‌ಗೆ ತೊಡೆ ಹಿಡಿದುಕೊಂಡದ್ದು ದಕ್ಷಿಣ ಕೊರಿಯಾ ಜೊತೆಗಿನ ಅಭ್ಯಾಸ ಪಂದ್ಯದಲ್ಲಿ, ಉದ್ಘಾಟನೆಗೆ ಐದು ದಿನ ಮುಂಚೆ. ಮೊದಲ ಎರಡು ಪಂದ್ಯ ಅವರಿಲ್ಲ. ಮೂರನೆಯದಕ್ಕೆ ತೊಡೆಗೆ ಪಟ್ಟಿ ಸುತ್ತಿಕೊಂಡು ಬಂದರು. ಹಾಲಿ ಚಾಂಪಿಯನ್ ಫ್ರಾನ್ಸ್ ಒಂದೂ ಗೋಲು ಹೊಡೆಯದೆ ಮನೆಗೆ ಹೋಯಿತು. 2014ರಲ್ಲಿ ಜರ್ಮನಿಯ ಮಾರ್ಕೊ ರಾಯಸ್ ಕಾಲಿನ ಗಂಟಿನ ಲಿಗಮೆಂಟ್ (ಮೂಳೆಯನ್ನು ಮೂಳೆಗೆ ಕಟ್ಟಿಹಾಕುವ ಪಟ್ಟಿ) ಹರಿದುಕೊಂಡದ್ದು ಜೂನ್ 6ಕ್ಕೆ, ಅರ್ಮೇನಿಯಾ ವಿರುದ್ಧ. ಜರ್ಮನಿ ಕಪ್ ಗೆದ್ದ ರಾತ್ರಿ, ಫೈನಲ್ ಗೋಲು ಹೊಡೆದ ಮಾರಿಯೊ ಗೊಟ್ಜೆ ಕೈಯಲ್ಲಿದ್ದದ್ದು ರಾಯಸ್ ಹೆಸರಿನ ಜೆರ್ಸಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಅದು ಇದೇ.

ಆದರೂ ಪೂರ್ತಿ ವಿಶ್ರಾಂತಿ ಉತ್ತರವಲ್ಲಮ್ಮ. ಎರಡು ವಾರ ವೇಗವಾಗಿ ಓಡದೇ ಇದ್ದ ಸ್ನಾಯು ಮೊದಲ ಪಂದ್ಯದಲ್ಲೇ ಹರಿಯುತ್ತದೆ. ಅಭ್ಯಾಸ ಬೇಕೇ ಬೇಕು. ಮತ್ತೆ, ಅಭ್ಯಾಸ ಪಂದ್ಯ ಬಿಟ್ಟರೂ ಗಾಯ ಬಿಡುವುದಿಲ್ಲ. 2022ರಲ್ಲಿ ಫ್ರಾನ್ಸಿನ ಕ್ರಿಸ್ಟೊಫರ್ ಎನ್‌ಕುಂಕು ಮೊಣಕಾಲಿಗೆ ಪೆಟ್ಟು ಬಿದ್ದದ್ದು ತಮ್ಮದೇ ತಂಡದ ತರಬೇತಿಯಲ್ಲಿ, ಜೊತೆಗಾರನೊಂದಿಗೆ ಚೆಂಡಿಗಾಗಿ ಪೈಪೋಟಿ ಮಾಡುವಾಗ. ಅವರ ಜಾಗಕ್ಕೆ ಬಂದ ರಾಂಡಾಲ್ ಕೊಲೊ ಮುವಾನಿ ಸೆಮಿಫೈನಲ್‌ನಲ್ಲಿ ಮೈದಾನಕ್ಕಿಳಿದು ಒಂದು ನಿಮಿಷ ತುಂಬುವ ಮೊದಲೇ ಮೊರೊಕ್ಕೊ ವಿರುದ್ಧ ಗೋಲು ಹೊಡೆದರು. ಆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬಾಲನ್ ಡಿ'ಓರ್ ಪ್ರಶಸ್ತಿ ಗೆದ್ದಿದ್ದ ಕರೀಮ್ ಬೆಂಜೆಮಾ ಕೂಡ ತರಬೇತಿಯಲ್ಲೇ ತೊಡೆ ನೋವಿಗೆ ಸಿಕ್ಕಿ, ಟೂರ್ನಿ ಶುರುವಾಗುವ ಹಿಂದಿನ ದಿನ ಹೊರಬಿದ್ದರು. ಕೋಚ್‌ಗಳು ಮಾಡಬಹುದಾದ್ದು ಒಂದೇ: ಕೊನೆಯ ವಾರ ತರಬೇತಿ ಚುಟುಕಾಗಿರಲಿ, ದಣಿದವರನ್ನು ಆಡಿಸದಿರುವ ಧೈರ್ಯ ಇರಲಿ.

ಸನ್ ಹ್ಯೂಂಗ್-ಮಿನ್ ಹಾಕಿಕೊಂಡಿದ್ದ ಕಪ್ಪು ಮುಖವಾಡ ಯಾಕೆ? ಅದಕ್ಕೆ ಅನುಮತಿ ಇದೆಯಾ?
ಎಂಟನೇ ತರಗತಿ, ಕಲಬುರಗಿ

ಇದೆ ಪುಟ್ಟ. ಎದುರಿನವರಿಗೆ ಗಾಯ ಮಾಡದ ಹಾಗಿದ್ದರೆ ಮುಖವಾಡ ಹಾಕಿಕೊಳ್ಳಬಹುದು, ಅದು ಆಟದ ನಿಯಮದಲ್ಲೇ ಇದೆ. ದಕ್ಷಿಣ ಕೊರಿಯಾದ ಸನ್‌ಗೆ 2022ರ ನವೆಂಬರ್ 1ರಂದು ಎಡಗಣ್ಣಿನ ಸುತ್ತಲಿನ ಮೂಳೆ ಮುರಿದಿತ್ತು. ಆಪರೇಷನ್ ಮಾಡಿಸಿಕೊಂಡು, ಮುಖವಾಡ ಹಾಕಿಕೊಂಡು, ಎಲ್ಲ ಪಂದ್ಯ ಆಡಿದರು. ಪೋರ್ಚುಗಲ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಅವರು ಕೊಟ್ಟ ಪಾಸ್‌ನಿಂದಲೇ ಹ್ವಾಂಗ್ ಹೀ-ಚಾನ್ ಗೆಲುವಿನ ಗೋಲು ಹೊಡೆದದ್ದು. ಮುಖದ ಮೂಳೆ ಮುರಿದರೆ ಓಡುವ ಕಾಲಿಗೆ ಏನೂ ಆಗಿರುವುದಿಲ್ಲ. ಅದಕ್ಕೇ ಇದು ಸಾಧ್ಯ. ನೀನು ಮಾತ್ರ ಡಾಕ್ಟರ್ ಹೇಳದೆ ಇಂಥ ಸಾಹಸ ಮಾಡಬೇಡ.

ನನ್ನ ಮಗಳಿಗೆ 15 ವರ್ಷ, ಫುಟ್‌ಬಾಲ್ ಅಂದರೆ ಪ್ರಾಣ. 2023ರ ಮಹಿಳಾ ವಿಶ್ವಕಪ್‌ಗೆ ಎಷ್ಟೋ ಆಟಗಾರ್ತಿಯರು ಮೊಣಕಾಲು ಹೋಗಿ ಬರಲಿಲ್ಲ ಅಂತ ಓದಿದೆ. ಮನೆಯಲ್ಲಿ ಆಟ ಬಿಡಿಸು ಅನ್ನುತ್ತಿದ್ದಾರೆ. ಏನು ಮಾಡಲಿ?
ತಾಯಿ, ಹಾಸನ

ಬಿಡಿಸಬೇಡಿ. ನಾನೂ ಒಬ್ಬ ಮಗಳ ತಾಯಿ, ಯೋಚಿಸಿಯೇ ಹೇಳುತ್ತಿದ್ದೇನೆ.

ನೀವು ಓದಿದ್ದು ನಿಜ. ಇಂಗ್ಲೆಂಡಿನ ನಾಯಕಿ ಲೀಯಾ ವಿಲಿಯಮ್ಸನ್, ಬೆತ್ ಮೀಡ್, ನೆದರ್ಲೆಂಡ್ಸ್‌ನ ವಿವಿಯಾನೆ ಮೀಡೆಮಾ, ಫ್ರಾನ್ಸಿನ ಮರಿ-ಆಂಟ್ವಾನೆಟ್ ಕಟೊಟೊ. ಎಲ್ಲರೂ ಎಸಿಎಲ್ ಹರಿದು ಆ ವಿಶ್ವಕಪ್ ಕಳೆದುಕೊಂಡರು. ಎಸಿಎಲ್ ಅಂದರೆ ಮೊಣಕಾಲಿನ ಒಳಗೆ ಅಡ್ಡಲಾಗಿ ಇರುವ ಲಿಗಮೆಂಟ್, ಕಾಲು ತಿರುಚಿಕೊಳ್ಳದಂತೆ ಹಿಡಿಯುವುದು ಅದೇ. ಹರಿದರೆ ಒಂಬತ್ತು ತಿಂಗಳು, ಒಂದು ವರ್ಷ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಎರಡು ಪಟ್ಟಿಗೂ ಜಾಸ್ತಿ. ಆದರೆ ಸ್ಪೇನಿನ ಅಲೆಕ್ಸಿಯಾ ಪುಟೆಯಾಸ್ ಅವರನ್ನೂ ನೋಡಿ. 2022ರ ಜುಲೈ 5ಕ್ಕೆ, ಯೂರೋ ಟೂರ್ನಿಯ ಹಿಂದಿನ ದಿನ, ಅವರ ಎಸಿಎಲ್ ಹರಿಯಿತು. ಮುಂದಿನ ವರ್ಷ ವಾಪಸ್ ಬಂದು ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ಕಾರಣ ಹುಡುಗಿಯ ದೇಹದಲ್ಲೇ ಇದೆ ಅಂತ ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಸೊಂಟ ಅಗಲ, ಹಾರ್ಮೋನು ಅಂತೆಲ್ಲ. ಅದರಲ್ಲೂ ಸ್ವಲ್ಪ ಸತ್ಯ ಇರಬಹುದು. ನಾನು ಕಣ್ಣಾರೆ ಕಾಣುವುದು ಬೇರೆ. ಹುಡುಗರಿಗೆ ಎಂಟನೇ ವಯಸ್ಸಿಗೇ ನೆಗೆಯಲು, ಬೀಳಲು, ಎದ್ದು ಓಡಲು ಬಿಡುತ್ತೇವೆ. ಹುಡುಗಿ ಮೈದಾನಕ್ಕೆ ಬರುವುದೇ 12, 13ಕ್ಕೆ. ಅಣ್ಣನ ಹಳೇ ಶೂ. ಹುಡುಗರ ಅಭ್ಯಾಸ ಮುಗಿದ ಮೇಲೆ ಉಳಿದ ಅರ್ಧ ಗಂಟೆ. ವಾರ್ಮ್ ಅಪ್‌ಗೆ ಸಮಯ ಎಲ್ಲಿಂದ ಬರಬೇಕು? ಶಾಲೆಗಳು ಮೊದಲು ಸರಿಮಾಡಬೇಕಾದ್ದು ಇದನ್ನು.

ನಿಮ್ಮ ಮಗಳ ಕೋಚ್‌ಗೆ "ಫಿಫಾ 11 ಪ್ಲಸ್" ಮಾಡಿಸಲು ಹೇಳಿ. 20 ನಿಮಿಷದ ವಾರ್ಮ್ ಅಪ್. ಓಟ, ಬಲ, ನೆಗೆತ, ಸಮತೋಲನ ಎಲ್ಲ ಸೇರಿ 15 ವ್ಯಾಯಾಮ. ನಾರ್ವೆಯಲ್ಲಿ ನಿಮ್ಮ ಮಗಳ ವಯಸ್ಸಿನ ಹುಡುಗಿಯರ ಮೇಲೆಯೇ ದೊಡ್ಡ ಪ್ರಯೋಗ ಮಾಡಿ ನೋಡಿದ್ದಾರೆ. ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ವಾರಕ್ಕೆ ಎರಡು ಸಲವಾದರೂ ಮಾಡಬೇಕು.

ಮನೆಯಲ್ಲಿ ನೀವೇ ನೋಡಬಹುದಾದ್ದು ಒಂದಿದೆ. ಅಡುಗೆಮನೆಯ ಮಣೆಯ ಮೇಲೆ ಮಗಳನ್ನು ಬರಿಗಾಲಲ್ಲಿ ನಿಲ್ಲಿಸಿ, ಎರಡೂ ಕಾಲಲ್ಲಿ ಕೆಳಕ್ಕೆ ಜಿಗಿಯಲು ಹೇಳಿ. ನೀವು ಎದುರಿಗೆ ಕೂತು ಮಂಡಿಚಿಪ್ಪು ಮಾತ್ರ ನೋಡಿ. ನೆಲಕ್ಕೆ ಇಳಿದಾಗ ಮಂಡಿಗಳು ಒಂದಕ್ಕೊಂದು ಹತ್ತಿರ ಬಂದು ಒಳಕ್ಕೆ ಬಾಗುತ್ತಿವೆಯಾ? ಹಾಗಾದರೆ ಅದನ್ನು ತಿದ್ದಬೇಕು. ಮಂಡಿ ಪಾದದ ಬೆರಳಿನ ಕಡೆಗೇ ಇರಲಿ, ಸದ್ದಾಗದಂತೆ ಇಳಿ, ಸೊಂಟ ಹಿಂದಕ್ಕೆ ತೆಗೆದುಕೋ ಅಂತ ಹೇಳಿಕೊಡಿ. ದಿನಾ ಹತ್ತು ಸಲ. ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ಕೆಲವೇ ವಾರಗಳಲ್ಲಿ ಇದು ಬದಲಾಗುವುದನ್ನು ನೋಡಿದ್ದೇನೆ. ಮತ್ತೆ, ಅವಳ ಅಳತೆಗೆ ಸರಿಯಾದ ಹೊಸ ಶೂ ಕೊಡಿಸಿ. ಮುಟ್ಟಿನ ದಿನ ಆಡಬಾರದು ಅಂತ ಯಾರಾದರೂ ಅಂದರೆ ಕೇಳಬೇಡಿ. ಅವಳಿಗೆ ಆಡಬೇಕು ಅನಿಸಿದರೆ ಆಡಲಿ.

ದೇಶಕ್ಕಾಗಿ ಆಡುವಾಗ ಗಾಯವಾದರೆ ಸಂಬಳ ಕೊಡುವವರು ಯಾರು?
ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಸಂಬಳ ಕೊಡುವುದು ಕ್ಲಬ್ಬೇ. ಅದರ ನಷ್ಟ ತುಂಬಲು 2012ರಿಂದ ಫಿಫಾದ ವಿಮೆ ಇದೆ. 28 ದಿನಕ್ಕಿಂತ ಜಾಸ್ತಿ ಆಟ ತಪ್ಪಿದರೆ ಕ್ಲಬ್‌ಗೆ ಹಣ ಬರುತ್ತದೆ. ಒಂದು ಗಾಯಕ್ಕೆ ಗರಿಷ್ಠ 75 ಲಕ್ಷ ಯೂರೊ. ಇದಲ್ಲದೆ ಆಟಗಾರರನ್ನು ಕಳಿಸಿಕೊಟ್ಟದ್ದಕ್ಕೆ 2022ರಲ್ಲಿ ಕ್ಲಬ್‌ಗಳಿಗೆ ಒಟ್ಟು 20.9 ಕೋಟಿ ಡಾಲರ್ ಹಂಚಿದರು. ಕ್ಲಬ್‌ಗಳ ಲೆಕ್ಕ ಹೀಗೆ ಸರಿಹೋಗುತ್ತದೆ. ಕಳೆದುಹೋದ ವಿಶ್ವಕಪ್ಪನ್ನು ಆಟಗಾರನಿಗೆ ತಂದುಕೊಡುವ ವಿಮೆ ಇಲ್ಲ.

ನಮ್ಮ ಭಾರತ ತಂಡದ ಬಗ್ಗೆಯೂ ಬರೆಯಿರಿ.
ಕಾಫಿ ಬೆಳೆಗಾರರು, ಮಡಿಕೇರಿ

2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ಗೆ ನಮ್ಮವರು ಅನ್ವರ್ ಅಲಿ, ಜೀಕ್ಸನ್ ಸಿಂಗ್, ಆಶಿಕ್ ಕುರುಣಿಯನ್ ಮೂವರನ್ನೂ ಗಾಯದಿಂದ ಕಳೆದುಕೊಂಡು ಹೋಗಿದ್ದರು. ಆಶಿಕ್ ಮೊದಲು ನಮ್ಮ ಬೆಂಗಳೂರು ಎಫ್‌ಸಿಯಲ್ಲೇ ಆಡಿದ ಹುಡುಗ. ಎಡಬದಿಯಲ್ಲಿ ಅವನ ಓಟ ಕಂಠೀರವದಲ್ಲಿ ನೋಡಿದವರಿಗೆ ಗೊತ್ತು. ನಮ್ಮ ದೇಶದ ಕ್ಲಬ್‌ಗಳ ಲೀಗ್ ಐಎಸ್‌ಎಲ್ ಡಿಸೆಂಬರ್ ಕೊನೆಯವರೆಗೂ ನಡೆಯಿತು, ಜನವರಿ 13ಕ್ಕೆ ಆಸ್ಟ್ರೇಲಿಯಾ ಎದುರು ಮೊದಲ ಪಂದ್ಯ. ಮೂರೂ ಪಂದ್ಯ ಸೋತೆವು, ಒಂದೂ ಗೋಲು ಬರಲಿಲ್ಲ. ಮೂವರು ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳುವುದಿಲ್ಲ. ಆದರೆ ಫ್ರಾನ್ಸಿಗೆ ಒಬ್ಬ ಎನ್‌ಕುಂಕು ಹೋದರೆ ಕೊಲೊ ಮುವಾನಿ ಇದ್ದರು. ನಮಗೆ ಒಬ್ಬ ಆಶಿಕ್ ಹೋದರೆ ಆ ಜಾಗ ಖಾಲಿ ಬೀಳುತ್ತದೆ.

ಮೇಡಂ, ನನಗೆ 19. ಮೊನ್ನೆ ಆಡುವಾಗ ಪಾದ ಉಳುಕಿತು, ಹೊರಬದಿ ಊದಿದೆ. ಹತ್ತು ದಿನಕ್ಕೆ ಜಿಲ್ಲಾ ತಂಡದ ಆಯ್ಕೆ ಇದೆ. ದೊಡ್ಡ ಆಟಗಾರರೆಲ್ಲ ಇಂಜೆಕ್ಷನ್ ತಗೊಂಡು ಆಡುತ್ತಾರಂತೆ. ನಾನೂ ತಗೊಳ್ಳಲಾ?
ಬೆಳಗಾವಿ

ಬೇಡ ತಮ್ಮಾ.

ದೊಡ್ಡವರು ನೋವಿನ ಮಾತ್ರೆ ತಗೊಳ್ಳುವುದು ನಿಜ. 2010ರ ವಿಶ್ವಕಪ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಟಗಾರರು ಪ್ರತಿ ಪಂದ್ಯದ ಮುಂಚೆ ನೋವುನಿವಾರಕ ತಗೊಳ್ಳುತ್ತಿದ್ದರು ಅಂತ ಫಿಫಾ ವೈದ್ಯರೇ ಲೆಕ್ಕ ಹಾಕಿ, ಇದು ಆತಂಕದ ವಿಷಯ ಅಂದಿದ್ದರು. ಅವರ ಹಿಂದೆ ಡಾಕ್ಟರ್, ಫಿಸಿಯೋ, ಸ್ಕ್ಯಾನ್ ಎಲ್ಲ ಇದ್ದೂ ಆ ಮಾತು. ನಿನ್ನ ಹಿಂದೆ ಯಾರಿದ್ದಾರೆ? ಇಂಜೆಕ್ಷನ್ ನೋವನ್ನು ಮುಚ್ಚುತ್ತದೆ, ಲಿಗಮೆಂಟನ್ನು ಕೂಡಿಸುವುದಿಲ್ಲ. ಮರಗಟ್ಟಿದ ಪಾದ ಎಲ್ಲಿ ಊರುತ್ತಿದೆ ಅಂತ ನಿನಗೇ ತಿಳಿಯುವುದಿಲ್ಲ. ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ. ಹೀಗೆ ಇಂಜೆಕ್ಷನ್ ಹಾಕಿಸಿಕೊಂಡು ಆಡಿ, ಮೂರು ನಿಮಿಷದ ಆಟಕ್ಕೆ ಒಂದು ವರ್ಷ ಕಳೆದುಕೊಂಡ ಹುಡುಗರನ್ನು ನನ್ನ ಟೇಬಲ್ ಮೇಲೆ ಮಲಗಿಸಿಕೊಂಡಿದ್ದೇನೆ. ಅವರು ಅಳುವಾಗ ನನ್ನ ಹತ್ತಿರ ಮಾತಿರುವುದಿಲ್ಲ.

ಇವತ್ತೇ ಹೀಗೆ ಮಾಡು. ಆ ಪಾದದ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ನಡೆಯಲು ಆಗುತ್ತದಾ ನೋಡು. ಗಂಟಿನ ಮೂಳೆಯ ಹಿಂಬದಿಯನ್ನು ಬೆರಳಿನಿಂದ ಒತ್ತು. ನಡೆಯಲು ಆಗದಿದ್ದರೆ, ಅಥವಾ ಒತ್ತಿದಾಗ ಮೂಳೆಯ ಮೇಲೆಯೇ ಜೀವ ಹೋಗುವಷ್ಟು ನೋವಾದರೆ ನಾಳೆ ಬೆಳಗ್ಗೆಯೇ ಎಕ್ಸ್‌ರೇ ತೆಗೆಸು. ಎರಡೂ ಇಲ್ಲವಾದರೆ ಕ್ರೇಪ್ ಬ್ಯಾಂಡೇಜ್ ಸುತ್ತು, ಕಾಲು ದಿಂಬಿನ ಮೇಲೆ ಎತ್ತಿಡು, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷದಂತೆ ದಿನಕ್ಕೆ ನಾಲ್ಕು ಸಲ. ನೀವಿಸಬೇಡ, ನಾಟಿ ಕಟ್ಟು ಹಾಕಿಸಬೇಡ. ಮೂರನೇ ದಿನದಿಂದ ನೋವಿಲ್ಲದಷ್ಟು ಪಾದ ಮೇಲೆ ಕೆಳಗೆ ಆಡಿಸು. ಎಂಟನೇ ದಿನ ಆ ಒಂದೇ ಕಾಲಲ್ಲಿ ನಿಂತು ಹಿಮ್ಮಡಿಯನ್ನು 20 ಸಲ ಎತ್ತು, ಆಮೇಲೆ ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸು, ಎಡಕ್ಕೂ ಬಲಕ್ಕೂ. ಇನ್ನೊಂದು ಕಾಲಿನಷ್ಟೇ ಸಲೀಸಾಗಿ ಆದರೆ ಗಂಟಿಗೆ ಟೇಪ್ ಹಾಕಿಸಿಕೊಂಡು ಆಯ್ಕೆಗೆ ಹೋಗು.

ಆಗದಿದ್ದರೆ ಬೂಟು ಹಾಕಬೇಡ. ಆದರೂ ಆ ದಿನ ಮೈದಾನಕ್ಕೆ ಹೋಗು. ಡಾಕ್ಟರ್ ಚೀಟಿ, ಎಕ್ಸ್‌ರೇ ಇದ್ದರೆ ಅದು, ಹೋದ ವರ್ಷ ಆಡಿದ ಪಂದ್ಯಗಳ ಪ್ರಮಾಣಪತ್ರ ಎಲ್ಲ ಜೊತೆಗಿರಲಿ. ಆಯ್ಕೆಗಾರರನ್ನು ಪಂದ್ಯ ಶುರುವಾಗುವ ಮುಂಚೆಯೇ ಮಾತಾಡಿಸಿ, ಎರಡನೇ ಸುತ್ತಿನ ಆಯ್ಕೆ ಇದೆಯಾ ಅಂತ ಕೇಳು. ನಿನ್ನ ಕೋಚ್ ಅನ್ನೂ ಕರೆದುಕೊಂಡು ಹೋಗು, ನಿನ್ನ ಬದಲು ಅವರು ಕೇಳಿದರೆ ಇನ್ನೂ ಒಳ್ಳೆಯದು. ಏನಾಯಿತು ಅಂತ ನನಗೆ ಬರಿ.